ಮಗುವಿನ ಕೊರಳ ಗಂಟು: ಪರೀಕ್ಷೆಯ ದಿನ ಮತ್ತು ಕಾಯುವ ದಿನಗಳು

ಮಗುವಿಗೆ ಎಣ್ಣೆ ಹಚ್ಚಿ ಎರೆಯುವಾಗ ತಾಯಿಯ ಬೆರಳಿಗೆ ಕೊರಳಿನ ಪಕ್ಕದಲ್ಲಿ ಬಟಾಣಿ ಕಾಳಿನಂತಹ ಗಂಟೊಂದು ತಗಲುವುದು ಚಿಕ್ಕ ಮಕ್ಕಳಿರುವ ಮನೆಗಳಲ್ಲಿ ಅಪರೂಪದ ಸಂಗತಿಯಲ್ಲ. ಬಹುಪಾಲು ಸಲ ಅದು ನೆಗಡಿಯೊಡನೆ ಬಂದು ಕೆಲವು ವಾರಗಳಲ್ಲಿ ತಾನಾಗಿಯೇ ಕುಗ್ಗುತ್ತದೆ. ಕೆಲವು ಸಲ ಮಾತ್ರ ಕರಗದೆ ಉಳಿಯುತ್ತದೆ. ಆಗ ವೈದ್ಯರು "ಗಂಟಿನಿಂದ ಸ್ವಲ್ಪ ಅಂಶ ತೆಗೆದು ಪರೀಕ್ಷೆಗೆ ಕಳುಹಿಸೋಣ" ಎನ್ನುತ್ತಾರೆ. ಆ ಒಂದು ಮಾತಿಗೆ ಮನೆಯವರೆಲ್ಲರ ನಿದ್ರೆ ಹಾರಿಹೋಗುತ್ತದೆ. ಪರೀಕ್ಷೆ ಮಾಡಿಸಬೇಕೆ ಬೇಡವೆ? ಮೂರು-ನಾಲ್ಕು ವರ್ಷದ ಕೂಸಿಗೆ ಏನೆಂದು ಹೇಳುವುದು? ಫಲಿತಾಂಶ ಕೈಗೆ ಬರುವವರೆಗೆ ದಿನ ಕಳೆಯುವುದು ಹೇಗೆ? ಈ ಮೂರು ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ನಾವು ಕ್ರಮವಾಗಿ ವಿಚಾರ ಮಾಡೋಣ.

ಗಂಟು ಎಂದರೇನು?

ನಮ್ಮ ಶರೀರದಲ್ಲಿ ರಕ್ತನಾಳಗಳಿರುವಂತೆ ದುಗ್ಧರಸ ನಾಳಗಳ ಜಾಲವೊಂದಿದೆ. ಆ ನಾಳಗಳ ಹಾದಿಯಲ್ಲಿ ಅಲ್ಲಲ್ಲಿ ಸಣ್ಣ ಗ್ರಂಥಿಗಳಿವೆ. ಊರ ಅಗಸೆಯಲ್ಲಿ ನಿಂತ ಕಾವಲುಗಾರನಂತೆ ಇವು ಒಳಬರುವ ರೋಗಾಣುಗಳನ್ನು ತಡೆದು ಹೋರಾಡುತ್ತವೆ. ಹೋರಾಟ ನಡೆಯುವಾಗ ಗ್ರಂಥಿ ಊದಿಕೊಳ್ಳುತ್ತದೆ. ಕೊರಳು, ಕಂಕುಳು ಮತ್ತು ತೊಡೆಯ ಸಂದಿಗಳಲ್ಲಿ ಇವು ಚರ್ಮಕ್ಕೆ ಸಮೀಪವಾಗಿರುವುದರಿಂದ ಅಲ್ಲಿ ಕೈಗೆ ತಗಲುತ್ತವೆ. ಗಂಟಲಿನ ಸೋಂಕು, ಹುಳುಕು ಹಲ್ಲು, ಕಿವಿ ಸೋರುವಿಕೆ, ತಲೆಯ ಹುಣ್ಣು, ಹೇನಿನಿಂದಾದ ಕಜ್ಜಿ, ಇವೆಲ್ಲವೂ ಕೊರಳಿನ ಗ್ರಂಥಿಗಳನ್ನು ಉಬ್ಬಿಸಬಲ್ಲವು. ಹಸುಗೂಸಿಗೆ ಎಡತೋಳಿಗೆ ಬಿಸಿಜಿ ಲಸಿಕೆ ಹಾಕಿಸಿದ ಕೆಲವು ವಾರಗಳ ನಂತರ ಎಡ ಕಂಕುಳಲ್ಲಿ ಸಣ್ಣ ಗಂಟು ಕಾಣಿಸುವುದೂ ಉಂಟು.

ಆದುದರಿಂದ ಕೊರಳಿನಲ್ಲಿ ಒಂದು ಸೆಂಟಿಮೀಟರಿಗಿಂತ ಚಿಕ್ಕದಾದ, ಬೆರಳಿನ ಕೆಳಗೆ ಜಾರುವ, ಮೆತ್ತಗಿನ ಗಂಟಿಗೆ ನಾವು ಗಾಬರಿಯಾಗಬೇಕಾಗಿಲ್ಲ. ಗಂಟು ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ನಾಲ್ಕಾರು ವಾರ ಕಳೆದರೂ ಕುಗ್ಗದಿದ್ದರೆ, ಕಲ್ಲಿನಂತೆ ಗಟ್ಟಿಯಾಗಿ ಅಲುಗಾಡದಿದ್ದರೆ, ಅಥವಾ ಹಲವು ಗಂಟುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು. ಕೊರಳಿನ ಕೆಳಭಾಗದಲ್ಲಿ, ಕೊರಳೆಲುಬಿನ ಮೇಲ್ಗಡೆ ಬರುವ ಗಂಟನ್ನು ಅಳತೆ ನೋಡದೆ ಬೇಗ ತೋರಿಸಬೇಕು. ಜೊತೆಗೆ ಬಿಡದ ಜ್ವರ, ತೂಕ ಇಳಿಯುವುದು, ರಾತ್ರಿ ಬೆವರುವುದು, ಮೈ ಬಿಳಿಚಿಕೊಳ್ಳುವುದು, ಮನೆಯಲ್ಲಿ ಯಾರಿಗಾದರೂ ಬಹುದಿನದ ಕೆಮ್ಮು ಇರುವುದು, ಇವುಗಳಲ್ಲಿ ಯಾವುದಿದ್ದರೂ ಮುಚ್ಚಿಡದೆ ಹೇಳಬೇಕು.

ಪರೀಕ್ಷೆ ಏಕೆ ಬೇಕು?

ವೈದ್ಯರು ಮೊದಲು ಮಗುವನ್ನು ಪೂರ್ತಿಯಾಗಿ ಪರೀಕ್ಷಿಸಿ, ರಕ್ತಪರೀಕ್ಷೆ, ಎದೆಯ ಎಕ್ಸ್‌ರೇ, ಕೊರಳಿನ ಸ್ಕ್ಯಾನಿಂಗ್ ಮಾಡಿಸಬಹುದು. ಕ್ಷಯದ ಶಂಕೆಯಿದ್ದರೆ ಮುಂಗೈಯ ಚರ್ಮದೊಳಗೆ ಮಾಂಟೂ ಪರೀಕ್ಷೆಯ ಚುಚ್ಚುಮದ್ದು ಹಾಕುತ್ತಾರೆ. ಅದನ್ನು ಹಾಕಿಸಿದ 48ರಿಂದ 72 ಗಂಟೆಗಳೊಳಗೆ ಮರಳಿ ತೋರಿಸಬೇಕು. ಊರು ದೂರವೆಂದು ನಾಲ್ಕಾರು ದಿನ ಬಿಟ್ಟು ಹೋದರೆ ಆ ಪರೀಕ್ಷೆ ವ್ಯರ್ಥವಾಗುತ್ತದೆ.

ಇಷ್ಟರಿಂದ ಕಾರಣ ತಿಳಿಯದಿದ್ದಾಗ ಗಂಟಿನ ಅಂಶವನ್ನೇ ನೋಡಬೇಕಾಗುತ್ತದೆ. ಇದರಲ್ಲಿ ಎರಡು ವಿಧಗಳಿವೆ. ಮೊದಲನೆಯದು ಎಫ್‌ಎನ್‌ಎಸಿ, ಅಂದರೆ ಸೂಜಿ ಪರೀಕ್ಷೆ. ರಕ್ತ ತೆಗೆಯುವ ಸೂಜಿಯಷ್ಟೇ ಸಣ್ಣದಾದ ಸೂಜಿಯಿಂದ ಗಂಟಿನ ಕೆಲವು ಜೀವಕೋಶಗಳನ್ನು ಹೀರಿ ಗಾಜಿನ ಪಟ್ಟಿಯ ಮೇಲೆ ಹರಡುತ್ತಾರೆ. ಎರಡನೆಯದು ಬಯಾಪ್ಸಿ. ಇದರಲ್ಲಿ ಸಣ್ಣ ಶಸ್ತ್ರಕ್ರಿಯೆಯಿಂದ ಇಡಿಯ ಗ್ರಂಥಿಯನ್ನು, ಇಲ್ಲವೆ ಅದರ ಒಂದು ತುಂಡನ್ನು ಹೊರತೆಗೆಯುತ್ತಾರೆ. ಕ್ಷಯವನ್ನು ಸೂಜಿ ಪರೀಕ್ಷೆಯಿಂದ ಅನೇಕ ಸಲ ಗುರುತಿಸಬಹುದು. ಆದರೆ ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರಿನ ಶಂಕೆಯಿದ್ದಾಗ ಬಿಡಿ ಜೀವಕೋಶಗಳು ಸಾಲವು. ಗ್ರಂಥಿಯ ಒಳರಚನೆಯನ್ನೇ ಕಾಣಬೇಕಾಗುತ್ತದೆ. ಆದುದರಿಂದ ಸೂಜಿ ಪರೀಕ್ಷೆಯಾದ ಮೇಲೆ ಬಯಾಪ್ಸಿ ಹೇಳಿದರೆ ವೈದ್ಯರು ಎಡವಿದರೆಂದು ತಿಳಿಯಬಾರದು. ಮೊದಲ ಪರೀಕ್ಷೆ ತನ್ನ ಮಿತಿಯವರೆಗೆ ಬಂದು ನಿಂತಿದೆ, ಅಷ್ಟೆ.

ಇಲ್ಲಿ ಒಂದು ನಂಬಿಕೆಯನ್ನು ಕುರಿತು ಸ್ಪಷ್ಟವಾಗಿ ಹೇಳಬೇಕಾಗಿದೆ. "ಗಂಟಿಗೆ ಸೂಜಿ ತಾಗಿಸಿದರೆ ರೋಗ ಮೈಯೆಲ್ಲ ಹಬ್ಬುತ್ತದೆ" ಎಂಬ ಮಾತು ನಮ್ಮ ಹಳ್ಳಿ-ಪಟ್ಟಣಗಳೆರಡರಲ್ಲೂ ಕೇಳಿಬರುತ್ತದೆ. ಮಗುವಿನ ಕೊರಳ ಗಂಟಿನ ಸೂಜಿ ಪರೀಕ್ಷೆಯಿಂದ ಕ್ಯಾನ್ಸರ್ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಈ ನಂಬಿಕೆ ಹುಟ್ಟಿದ ಬಗೆಯನ್ನು ಊಹಿಸುವುದು ಕಷ್ಟವಲ್ಲ. ತಿಂಗಳುಗಟ್ಟಲೆ ತಡಮಾಡಿ, ರೋಗ ಬಲಿತ ಮೇಲೆ ಆಸ್ಪತ್ರೆಗೆ ಬಂದವರಿಗೆ ಪರೀಕ್ಷೆಯ ನಂತರವೇ ರೋಗದ ಹೆಸರು ತಿಳಿಯುತ್ತದೆ. ತಡವಾದುದರ ದೋಷವು ಸೂಜಿಯ ತಲೆಗೆ ಬರುತ್ತದೆ. ನಿಜವಾದ ಅಪಾಯಗಳು ಬೇರೆ ಇವೆ. ಗಂಟಿಗೆ ಬರೆ ಹಾಕಿಸುವುದು ಅವುಗಳಲ್ಲೊಂದು. ಅರೆತಿಳಿವಳಿಕೆಯವರಿಂದ ಕೊಯ್ಯಿಸಿ ಕೀವು ತೆಗೆಸುವುದು ಮತ್ತೊಂದು. ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಕ್ಷಯದ ಗಂಟನ್ನು ಹೀಗೆ ಕೊಯ್ದರೆ ಗಾಯ ಮಾಯದೆ ಬಹುಕಾಲ ಸೋರುತ್ತ ಉಳಿಯಬಹುದು. ಮೂರನೆಯದು ಕಾರಣ ತಿಳಿಯುವ ಮೊದಲೇ ಸ್ಟೆರಾಯ್ಡ್ ಔಷಧ ಕೊಡಿಸುವುದು. ಅದರಿಂದ ಗಂಟು ತಾತ್ಕಾಲಿಕವಾಗಿ ಕುಗ್ಗಿ ಎಲ್ಲರಿಗೂ ಸಮಾಧಾನವಾಗುತ್ತದೆ. ಆದರೆ ಒಳಗಿನ ರಕ್ತದ ಕ್ಯಾನ್ಸರ್ ಅಥವಾ ಲಿಂಫೋಮಾ ಮರೆಯಾಗಿ, ಮುಂದೆ ಪತ್ತೆ ಹಚ್ಚುವುದು ಕಠಿಣವಾಗುತ್ತದೆ.

ಮಗುವಿಗೆ ಏನು ಹೇಳಬೇಕು?

ಅನೇಕರು ಮಗುವಿಗೆ ಏನನ್ನೂ ಹೇಳದೆ, "ಜಾತ್ರೆಗೆ ಹೋಗೋಣ ಬಾ", "ಅಜ್ಜಿಯ ಊರಿಗೆ ಹೋಗೋಣ" ಎಂದು ಕರೆದೊಯ್ಯುತ್ತಾರೆ. ಇದು ಪ್ರೀತಿಯಿಂದಲೇ ಮಾಡಿದ ಕೆಲಸ. ಆದರೆ ಆಸ್ಪತ್ರೆಯ ಬಾಗಿಲಿನಲ್ಲಿ ಮಗುವಿಗೆ ಎರಡು ಸಂಗತಿಗಳು ಒಮ್ಮೆಗೇ ತಿಳಿಯುತ್ತವೆ: ತನಗೆ ಏನೋ ನೋವಾಗಲಿದೆ, ಅವ್ವ ತನಗೆ ಸುಳ್ಳು ಹೇಳಿದ್ದಾಳೆ. ಚುಚ್ಚಿದ ನೋವು ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಎರಡನೆಯದು ಹಾಗಲ್ಲ. ಚಿಕಿತ್ಸೆ ಆರು ತಿಂಗಳು ನಡೆಯಬೇಕಾಗಿ ಬಂದರೆ ಪ್ರತಿ ಸಲವೂ ಆ ಮಗು ಮನೆಯ ಹೊಸ್ತಿಲಲ್ಲೇ ಹಟ ಹಿಡಿಯುತ್ತದೆ.

ಮೂರು ವರ್ಷದೊಳಗಿನ ಮಗುವಿಗೆ ಹಿಂದಿನ ದಿನ ಅಥವಾ ಅಂದೇ ಬೆಳಿಗ್ಗೆ ಹೇಳಿದರೆ ಸಾಕು. ಅದಕ್ಕೆ ನಾಳೆ-ನಾಡಿದ್ದುಗಳ ಲೆಕ್ಕ ತಿಳಿಯದು. ನಾಲ್ಕರಿಂದ ಆರು ವರ್ಷದವರಿಗೆ ಒಂದೆರಡು ದಿನ ಮೊದಲು ಹೇಳಬಹುದು. ಶಾಲೆಗೆ ಹೋಗುವ ದೊಡ್ಡ ಮಕ್ಕಳಿಗೆ ಇನ್ನೂ ಮೊದಲೇ ಹೇಳಿ, ಅವರ ಪ್ರಶ್ನೆಗಳಿಗೆ ಸಮಯ ಕೊಡಬೇಕು. ಮಾತು ಹೀಗಿರಬಹುದು: "ಕಂದಾ, ನಿನ್ನ ಕೊರಳಲ್ಲಿ ಒಂದು ಗಂಟಿದೆಯಲ್ಲ, ಅದು ಯಾಕೆ ಬಂದಿದೆ ಅಂತ ಡಾಕ್ಟರು ನೋಡುತ್ತಾರೆ. ಚುಚ್ಚುವಾಗ ಸ್ವಲ್ಪ ನೋವಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ. ಅಳು ಬಂದರೆ ಅಳು. ಮುಗಿದ ಮೇಲೆ ನಾವು ಮನೆಗೆ ಬರುತ್ತೇವೆ." ನೋವೇ ಆಗುವುದಿಲ್ಲವೆಂದು ಹೇಳಬಾರದು. ಬಹಳ ನೋವಾಗುತ್ತದೆಂದು ಹೆದರಿಸಲೂಬಾರದು. ಕೊಠಡಿಯೊಳಗೆ ತಾಯಿಯನ್ನು ಬಿಡುವರೋ ಇಲ್ಲವೋ ಎಂಬುದನ್ನು ಮೊದಲೇ ಕೇಳಿಕೊಂಡು, ಬಿಡುವರೆಂದಾದರೆ ಮಾತ್ರ "ನಾನು ಜೊತೆಗಿರುತ್ತೇನೆ" ಎನ್ನಬೇಕು. ಇಲ್ಲವಾದರೆ "ನೀನು ಹೊರಗೆ ಬರುವಾಗ ನಾನು ಬಾಗಿಲಲ್ಲೇ ಇರುತ್ತೇನೆ" ಎನ್ನಬೇಕು. ಆ ಮಾತನ್ನು ಉಳಿಸಿಕೊಳ್ಳಬೇಕು; ಮಗು ಹೊರಬರುವ ಹೊತ್ತಿಗೆ ಚಹಾ ಕುಡಿಯಲು ಹೋಗಿರಬಾರದು.

ಈ ವಯಸ್ಸಿನ ಮಕ್ಕಳು ರೋಗವನ್ನು ಶಿಕ್ಷೆಯೆಂದು ತಿಳಿಯುವುದುಂಟು. ತಮ್ಮನಿಗೆ ಹೊಡೆದುದಕ್ಕೆ, ಊಟ ಬಿಟ್ಟುದಕ್ಕೆ ಗಂಟು ಬಂತೆಂದು ಒಳಗೊಳಗೇ ನೊಂದುಕೊಳ್ಳುತ್ತವೆ. "ನೀನು ಏನೂ ತಪ್ಪು ಮಾಡಿಲ್ಲ" ಎಂಬ ಮಾತನ್ನು ಮಗು ಕೇಳದಿದ್ದರೂ ನಾವು ಹೇಳಬೇಕು. "ಹಟ ಮಾಡಿದರೆ ಡಾಕ್ಟರ ಹತ್ತಿರ ಸೂಜಿ ಹಾಕಿಸುತ್ತೇನೆ" ಎಂದು ಹೆದರಿಸುವ ರೂಢಿಯನ್ನು ನಮ್ಮ ಮನೆಗಳಿಂದ ಸಂಪೂರ್ಣವಾಗಿ ತೆಗೆದುಹಾಕಬೇಕು. ಆ ಮಾತನ್ನು ಕೇಳಿ ಬೆಳೆದ ಮಗು ನಿಜವಾದ ಸೂಜಿಯನ್ನು ಕಂಡಾಗ ತನ್ನ ಅಪರಾಧವೇನೆಂದು ಹುಡುಕತೊಡಗುತ್ತದೆ.

ಅರಿವಳಿಕೆಯ ವಿಷಯದಲ್ಲಿ ಮಾತಿನ ಎಚ್ಚರ ಇನ್ನೂ ಹೆಚ್ಚಿರಬೇಕು. ಅಜ್ಜ ಲಿಂಗೈಕ್ಯರಾದಾಗ "ಅಜ್ಜ ಮಲಗಿದ್ದಾರೆ, ಏಳುವುದಿಲ್ಲ" ಎಂದು ಮಗುವಿಗೆ ಹೇಳಿದ್ದರೆ, "ಡಾಕ್ಟರು ನಿನ್ನನ್ನು ಮಲಗಿಸುತ್ತಾರೆ" ಎಂಬ ಮಾತು ಅದಕ್ಕೆ ಹೇಗೆ ಕೇಳಿಸೀತು! "ಒಂದು ಔಷಧದಿಂದ ನಿನಗೆ ಸ್ವಲ್ಪ ಹೊತ್ತು ನಿದ್ದೆ ಬರುತ್ತದೆ. ಕೆಲಸ ಮುಗಿದ ಕೂಡಲೇ ಡಾಕ್ಟರು ನಿನ್ನನ್ನು ಎಬ್ಬಿಸುತ್ತಾರೆ" ಎಂದು ಎರಡನ್ನೂ ಸೇರಿಸಿ ಹೇಳಬೇಕು. ಗೊಂಬೆಯ ಕೊರಳಿಗೆ ಪಟ್ಟಿ ಕಟ್ಟಿ, ಅದನ್ನು ಆಸ್ಪತ್ರೆಗೆ ಒಯ್ದು ತರುವ ಆಟವನ್ನು ಮನೆಯಲ್ಲಿ ಆಡಿಸಿದರೆ ಹತ್ತು ಮಾತಿನಲ್ಲಿ ತಿಳಿಯದ್ದು ಮಗುವಿಗೆ ತಿಳಿಯುತ್ತದೆ.

ಖಾಲಿ ಹೊಟ್ಟೆಯ ನಿಯಮ

ಸೂಜಿ ಪರೀಕ್ಷೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಚಿಕ್ಕ ಮಕ್ಕಳ ಬಯಾಪ್ಸಿಯನ್ನು ಪೂರ್ಣ ಅರಿವಳಿಕೆಯಲ್ಲಿ ಮಾಡುವುದರಿಂದ ಅಲ್ಲಿ ಹೊಟ್ಟೆ ಖಾಲಿಯಿರಲೇಬೇಕು. ಅರಿವಳಿಕೆಯಲ್ಲಿ ನುಂಗುವ, ಕೆಮ್ಮುವ ಸಹಜ ರಕ್ಷಣೆ ಇರುವುದಿಲ್ಲ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸನಾಳಕ್ಕೆ ಇಳಿದರೆ ಪ್ರಾಣಾಪಾಯವಾಗಬಹುದು. ಸಾಮಾನ್ಯ ನಿಯಮ ಹೀಗಿದೆ: ಊಟ-ತಿಂಡಿ, ಹಸು-ಎಮ್ಮೆಯ ಹಾಲು ಮತ್ತು ಪುಡಿಹಾಲನ್ನು 6 ಗಂಟೆ ಮೊದಲು ನಿಲ್ಲಿಸಬೇಕು, ತಾಯಿಯ ಹಾಲನ್ನು 4 ಗಂಟೆ ಮೊದಲು, ತಿಳಿನೀರನ್ನು 2 ಗಂಟೆ ಮೊದಲು. ಗಂಜಿಯು ಆಹಾರದ ಲೆಕ್ಕಕ್ಕೆ, ಮಜ್ಜಿಗೆ ಮತ್ತು ಚಹಾ ಹಾಲಿನ ಲೆಕ್ಕಕ್ಕೆ ಸೇರುತ್ತವೆ. ನಮ್ಮ ಮಗುವಿಗೆ ಅರಿವಳಿಕೆ ತಜ್ಞರು ಹೇಳಿದ ಸಮಯವೇ ಅಂತಿಮ. ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ನಿಯಮ ತಪ್ಪುವುದು ಬಹಳ ಸಲ ಮಮತೆಯಿಂದಲೇ. ಹೊರಡುವ ಮುನ್ನ ಅಜ್ಜಿ ದೇವರ ಮನೆಯಿಂದ ಪೇಡೆಯ ಚೂರನ್ನೋ, ಬಾಳೆಹಣ್ಣನ್ನೋ ಪ್ರಸಾದವೆಂದು ಬಾಯಿಗಿಡುತ್ತಾರೆ. ಆಸ್ಪತ್ರೆಗೆ ಬಂದ ಬಂಧುಗಳು ಬಿಸ್ಕತ್ತು ಕೊಡುತ್ತಾರೆ. ಹಿಂದಿನ ರಾತ್ರಿಯೇ ಮನೆಯವರಿಗೆಲ್ಲ ತಿಳಿಸಿ, ಪ್ರಸಾದವನ್ನು ತೆಗೆದಿಟ್ಟು ಶಸ್ತ್ರಕ್ರಿಯೆಯ ನಂತರ ಕೊಡಬೇಕು. ತಪ್ಪಿ ತಿಂದಿದ್ದರೆ ಬಚ್ಚಿಡದೆ ವೈದ್ಯರಿಗೆ ಹೇಳಬೇಕು. ಅವರು ಗದರಬಹುದು, ದಿನ ಮುಂದೂಡಬಹುದು, ಮಗು ಕ್ಷೇಮವಾಗಿರುತ್ತದೆ. ಮತ್ತೊಂದು ತಪ್ಪೂ ನಡೆಯುತ್ತದೆ: ಹೆದರಿಕೆಯಿಂದ ಹಿಂದಿನ ಸಂಜೆಯಿಂದಲೇ ನೀರನ್ನೂ ಕೊಡದಿರುವುದು. ಅನುಮತಿಯಿರುವ ಹೊತ್ತಿನವರೆಗೆ ನೀರು ಕೊಟ್ಟರೆ ಮಗು ಸೊರಗುವುದಿಲ್ಲ, ಸೂಜಿ ಹಾಕಲು ನರ ಸಿಗುವುದೂ ಸುಲಭ.

ಕರಡಿಗೆ, ವಿಭೂತಿ, ಬಳೆ

ಶಸ್ತ್ರಕ್ರಿಯೆಯ ಕೊಠಡಿಗೆ ಹೋಗುವಾಗ ಮೈಮೇಲಿನ ಎಲ್ಲ ಲೋಹವನ್ನು ತೆಗೆಯಬೇಕಾಗುತ್ತದೆ. ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದಿಂದ ಲೋಹ ತಾಗಿದ ಚರ್ಮ ಸುಡುವ ಸಂಭವವಿದೆ. ಎಂಆರ್‌ಐ ಕೊಠಡಿಯಲ್ಲಂತೂ ಬಲವಾದ ಅಯಸ್ಕಾಂತವಿರುವುದರಿಂದ ಲೋಹದ ಯಾವ ವಸ್ತುವನ್ನೂ ಒಳಗೆ ಬಿಡುವುದಿಲ್ಲ. ಲಿಂಗಧಾರಣೆಯಾದ ಮಕ್ಕಳ ವಿಷಯದಲ್ಲಿ ಹಿರಿಯರಿಗೆ ಇಲ್ಲಿ ಸಂಕಟವಾಗುವುದು ಸಹಜ. ಕೊನೆಯ ಗಳಿಗೆಯಲ್ಲಿ ಬಾಗಿಲ ಬಳಿ ದಾದಿಯರೊಡನೆ ವಾದ ಹೂಡಿದರೆ ಮಗು ಬೆದರುತ್ತದೆ. ಅದಕ್ಕಿಂತ ಮೊದಲ ಭೇಟಿಯಲ್ಲಿಯೇ ವೈದ್ಯರೊಡನೆ ಮಾತನಾಡಿಕೊಳ್ಳುವುದು ಉತ್ತಮ. ಬೆಳ್ಳಿಯ ಕರಡಿಗೆಯನ್ನು ತೆಗೆದು, ಇಷ್ಟಲಿಂಗವನ್ನು ಶುಭ್ರವಾದ ವಸ್ತ್ರದಲ್ಲಿ ಕಟ್ಟಿ, ಮಗುವಿನ ಕಣ್ಣೆದುರಿಗೇ ತಂದೆ ಅಥವಾ ತಾಯಿ ತಮ್ಮ ಎದೆಯ ಮೇಲೆ ಧರಿಸಿಕೊಳ್ಳಬಹುದು. "ನೀನು ಎದ್ದ ಕೂಡಲೇ ಮತ್ತೆ ಕಟ್ಟುತ್ತೇನೆ" ಎಂದರೆ ಮಗುವಿಗೂ ಧೈರ್ಯ, ಹಿರಿಯರಿಗೂ ಸಮಾಧಾನ. ಹಣೆಯ ವಿಭೂತಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೊಯ್ಯುವ ಜಾಗವಾದ ಕೊರಳಿಗೆ ಮಾತ್ರ ವಿಭೂತಿ, ಎಣ್ಣೆ, ಪೌಡರುಗಳನ್ನು ಹಚ್ಚಬಾರದು. ಬಳೆ, ಉಡಿದಾರದ ಬೆಳ್ಳಿ, ಓಲೆಗಳನ್ನು ಮನೆಯಲ್ಲಿಯೇ ತೆಗೆದಿಡಬೇಕು.

ಸೂಜಿಯ ಗಳಿಗೆ

ನಾಲ್ಕು ಜನ ಸೇರಿ ಮಗುವನ್ನು ಮಂಚಕ್ಕೆ ಒತ್ತಿ ಹಿಡಿಯುವುದರಿಂದ ಭಯ ಇಮ್ಮಡಿಯಾಗುತ್ತದೆ. ರಕ್ತ ತೆಗೆಯುವಂತಹ ಸಣ್ಣ ಕೆಲಸಗಳಿಗೆ ಮಗುವನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡು, ಎದೆಗೆ ಒರಗಿಸಿ, ತೋಳಿನಿಂದ ಬಳಸಿ ಹಿಡಿಯಬಹುದೇ ಎಂದು ಕೇಳಬೇಕು. ಹಾಲು ಕುಡಿಯುವ ಕೂಸಿಗೆ ಆ ಹೊತ್ತಿನಲ್ಲಿ ಮೊಲೆಯೂಡಿಸಿದರೆ ನೋವು ಕಡಿಮೆಯಾಗುತ್ತದೆ. ಅರಿವಳಿಕೆಗಾಗಿ ಉಪವಾಸವಿದ್ದಾಗ ಮಾತ್ರ ಹೀಗೆ ಮಾಡಬಾರದು. ಚರ್ಮವನ್ನು ಮರಗಟ್ಟಿಸುವ ಮುಲಾಮು ದೊರೆಯುತ್ತದೆ. ಅದನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಿರಬೇಕಾದುದರಿಂದ ಅದರ ವಿಚಾರವನ್ನು ಮುಂಚಿತವಾಗಿ ಕೇಳಬೇಕು.

ಮೂರು-ನಾಲ್ಕು ವರ್ಷದ ಮಗುವಿಗೆ ಊದುವ ಆಟ ಒಳ್ಳೆಯದು: "ಬಿಸಿ ಹಾಲು ಆರಿಸಿದ ಹಾಗೆ ಉಫ್ ಎನ್ನು." ಪರಿಚಿತ ಕಥೆ, ಎಣಿಕೆ, ಹಾಡು, ಮೊಬೈಲಿನಲ್ಲಿ ಅಚ್ಚುಮೆಚ್ಚಿನ ಚಿತ್ರ, ಎಲ್ಲವೂ ಉಪಯುಕ್ತ. "ಎಡಗೈಯೋ ಬಲಗೈಯೋ?" "ಬೆಳ್ಳನೆಯ ಗೊಂಬೆ ಬೇಕೋ ಕೆಂಪನೆಯದೋ?" ಎಂದು ಸಣ್ಣ ಆಯ್ಕೆಗಳನ್ನು ಕೊಟ್ಟರೆ ಮಗುವಿಗೆ ತನ್ನ ಕೈಯಲ್ಲೂ ಏನೋ ಇದೆ ಎನಿಸುತ್ತದೆ. "ಚುಚ್ಚಿಸಿಕೊಳ್ಳುತ್ತೀಯಾ?" ಎಂದು ಮಾತ್ರ ಕೇಳಬಾರದು, ಬೇಡವೆಂದರೆ ನಾವು ಆ ಮಾತನ್ನು ನಡೆಸಿಕೊಡಲಾರೆವು. "ಗಂಡುಮಗ ಅಳಬಾರದು", "ಪಕ್ಕದ ಮಗು ನೋಡು, ಅದು ಅತ್ತಿತೇ?" ಎನ್ನುವುದೂ ಬೇಡ. ಅಳುವುದು ಮಗುವಿಗೆ ಉಳಿದಿರುವ ಒಂದೇ ದಾರಿಯಾಗಿರಬಹುದು. ಮುಗಿದ ಮೇಲೆ, ಅತ್ತಿದ್ದರೂ, "ಕೈ ಅಲುಗಾಡಿಸದೆ ಕುಳಿತೆಯಲ್ಲ, ಜಾಣ" ಎಂದು ಅದು ಮಾಡಿದ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಿ ಹೊಗಳಬೇಕು. ಮುಂದಿನ ಸಲ ಅದಕ್ಕೆ ಆ ಹೊಗಳಿಕೆಯೇ ನೆನಪಿರುತ್ತದೆ.

ಅರಿವಳಿಕೆಯಿಂದ ಎಚ್ಚರಗೊಳ್ಳುವಾಗ ಚಿಕ್ಕ ಮಕ್ಕಳು ಗುರುತು ಹಿಡಿಯದವರಂತೆ ಚೀರಿ ಹೊರಳಾಡುವುದುಂಟು. ಇದು ಔಷಧದ ಪರಿಣಾಮ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ. ಮನೆಗೆ ಬಂದ ಮೇಲೆ ಗಾಯವನ್ನು ಒಣದಾಗಿಟ್ಟು, ಹೇಳಿದಷ್ಟು ದಿನ ನೀರು ತಾಗಿಸದೆ, ಅರಿಶಿನ ಮೊದಲಾದುವನ್ನು ಮೆತ್ತದೆ ಕಾಪಾಡಬೇಕು. ಗಾಯದಿಂದ ರಕ್ತ ಒಸರಿದರೆ, ಕೆಂಪಾಗಿ ಊದಿ ಕೀವಾದರೆ, ಜ್ವರ ಬಂದರೆ ತಡಮಾಡದೆ ತೋರಿಸಬೇಕು.

ಫಲಿತಾಂಶಕ್ಕೆ ಇಷ್ಟು ದಿನ ಏಕೆ?

ತೆಗೆದ ತುಂಡು ಎಲ್ಲಿ ಹೋಯಿತು, ಅದಕ್ಕೆ ಏನು ಮಾಡುತ್ತಿದ್ದಾರೆ ಎಂಬುದು ತಿಳಿದರೆ ಕಾಯುವಿಕೆಯ ಭಾರ ಸ್ವಲ್ಪವಾದರೂ ಇಳಿಯುತ್ತದೆ. ಬಯಾಪ್ಸಿಯ ತುಂಡನ್ನು ಕೊಳೆಯದಂತೆ ಫಾರ್ಮಲಿನ್ ದ್ರಾವಣದಲ್ಲಿ ಹಾಕುತ್ತಾರೆ. ಆ ದ್ರಾವಣ ಒಳಗಿನವರೆಗೆ ಇಳಿಯಲು ಹಲವು ಗಂಟೆಗಳು ಬೇಕು. ಆಮೇಲೆ ಅದರ ನೀರಿನಂಶ ತೆಗೆದು, ಮೇಣದಲ್ಲಿ ಅಚ್ಚು ಹಾಕಿ, ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರುಗಳಾಗಿ ಕೊಯ್ದು, ಬಣ್ಣ ಕೊಟ್ಟು, ರೋಗವಿಜ್ಞಾನ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇಷ್ಟಕ್ಕೆ ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರ ಹಿಡಿಯುತ್ತದೆ. ಸಂದೇಹ ಉಳಿದರೆ ವಿಶೇಷ ಬಣ್ಣದ ಪರೀಕ್ಷೆಗಳಿಗೆ ಇನ್ನೂ ಕೆಲವು ದಿನ ಬೇಕಾಗುತ್ತದೆ. ಫಲಿತಾಂಶ ತಡವಾದರೆ ಕೆಟ್ಟ ರೋಗವೇ ಇರಬೇಕೆಂದು ಅನೇಕರು ತೀರ್ಮಾನಿಸಿಬಿಡುತ್ತಾರೆ. ರಜಾದಿನ, ಪರೀಕ್ಷೆಗೆ ಬಂದ ತುಂಡುಗಳ ಸಂಖ್ಯೆ, ಮತ್ತೊಬ್ಬ ತಜ್ಞರ ಅಭಿಪ್ರಾಯ, ಹೀಗೆ ತಡವಾಗಲು ಹಲವು ಕಾರಣಗಳಿರುತ್ತವೆ.

ಕ್ಷಯದ ಪರೀಕ್ಷೆಯ ವೇಳೆ ಬೇರೆ. ಸಿಬಿನ್ಯಾಟ್ ಎಂಬ ಯಂತ್ರವು ಸುಮಾರು 2 ಗಂಟೆಗಳಲ್ಲಿ ಕ್ಷಯದ ರೋಗಾಣುವಿನ ಗುರುತನ್ನೂ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಕ್ಕೆ ಅದು ಜಗ್ಗುವುದೋ ಇಲ್ಲವೋ ಎಂಬುದನ್ನೂ ಹೇಳಬಲ್ಲದು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಮಾತ್ರ ಆರರಿಂದ ಎಂಟು ವಾರ ಹಿಡಿಯಬಹುದು. ಸಾಮಾನ್ಯ ಬ್ಯಾಕ್ಟೀರಿಯಾ ಒಂದು ಎರಡಾಗಲು ಇಪ್ಪತ್ತು ನಿಮಿಷ ಸಾಕಾದರೆ, ಕ್ಷಯದ ರೋಗಾಣುವಿಗೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಇಲ್ಲೊಂದು ಸಂಗತಿ ನೆನಪಿನಲ್ಲಿರಲಿ: ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಆದುದರಿಂದ ಕಲ್ಚರಿಗೆ ಕಳುಹಿಸುವ ಭಾಗವನ್ನು ಸಲೈನಿನಲ್ಲಿ ಬೇರೆಯಾಗಿ ಇಡಬೇಕು. "ಟಿಬಿ ಪರೀಕ್ಷೆಗೂ ಒಂದು ತುಂಡನ್ನು ಕಳುಹಿಸುತ್ತೀರಾ?" ಎಂದು ಶಸ್ತ್ರಕ್ರಿಯೆಗೆ ಮೊದಲೇ ವಿನಯದಿಂದ ಕೇಳಿದರೆ, ಮಗುವಿಗೆ ಎರಡನೆಯ ಸಲ ಚುಚ್ಚಿಸುವ ಪ್ರಸಂಗ ತಪ್ಪಬಹುದು.

ಮನೆಯಲ್ಲಿ ಕಾಯುವುದು

ಆಸ್ಪತ್ರೆಯಿಂದ ಹೊರಡುವಾಗಲೇ ಮೂರು ವಿಷಯಗಳನ್ನು ಬರೆದುಕೊಳ್ಳಬೇಕು: ಫಲಿತಾಂಶ ಯಾವ ದಿನ ಬರುತ್ತದೆ, ಯಾರಿಂದ ಪಡೆಯಬೇಕು, ಯಾವ ನೋಂದಣಿ ಸಂಖ್ಯೆಯನ್ನು ತೋರಿಸಬೇಕು. ದಿನ ಗೊತ್ತಿಲ್ಲದ ಕಾಯುವಿಕೆ ದಿನ ಗೊತ್ತಿರುವ ಕಾಯುವಿಕೆಗಿಂತ ಕಠಿಣ. ಹೇಳಿದ ದಿನ ಬಾರದಿದ್ದರೆ ನಾವೇ ಹೋಗಿ ವಿಚಾರಿಸಬೇಕು. "ಏನೂ ಹೇಳಲಿಲ್ಲ, ಆದ್ದರಿಂದ ಎಲ್ಲ ಸರಿಯಿರಬೇಕು" ಎಂದುಕೊಂಡು ಸುಮ್ಮನಾಗಬಾರದು.

ಚಿಕ್ಕ ಮಗುವಿಗೆ ರೋಗದ ಹೆಸರು ತಿಳಿಯದು. ತಾಯಿಯ ಮುಖ ತಿಳಿಯುತ್ತದೆ. ಮಲಗಿದೆಯೆಂದು ಭಾವಿಸಿ ನಾವು ಆಡುವ ಪಿಸುಮಾತು, ಬಂಧುಗಳು ಬಂದು ಕಣ್ಣೊರೆಸಿಕೊಳ್ಳುವುದು, ಇದ್ದಕ್ಕಿದ್ದಂತೆ ಕೇಳಿದ್ದೆಲ್ಲ ಕೊಡಿಸುವುದು, ಇವೆಲ್ಲ ಸೇರಿ ಅದಕ್ಕೆ ಏನೋ ಭಯಂಕರವಾದುದು ನಡೆದಿದೆಯೆಂಬ ಸುಳಿವು ಕೊಡುತ್ತವೆ. ಆದುದರಿಂದ ಏಳುವ ಹೊತ್ತು, ಸ್ನಾನ, ಪೂಜೆ, ಊಟ, ಅಂಗನವಾಡಿ, ಆಟ ಎಂದಿನಂತೆ ನಡೆಯಬೇಕು. ತಪ್ಪು ಮಾಡಿದರೆ ಎಂದಿನಂತೆ ತಿದ್ದಬೇಕು. ತಾಯಿಗೆ ಅಳು ಬಂದರೆ ಅಳಲಿ, ಮಗು ನೋಡಿದರೆ "ನನಗೆ ಸ್ವಲ್ಪ ಚಿಂತೆಯಾಗಿತ್ತು, ಅದಕ್ಕೆ ಅತ್ತೆ, ಈಗ ಸಮಾಧಾನವಾಯಿತು" ಎಂದು ಹೇಳಬಹುದು. ಮಗು ಮತ್ತೆ ಹಾಸಿಗೆ ಒದ್ದೆ ಮಾಡಿದರೆ, ಸೆರಗು ಬಿಡದೆ ಅಂಟಿಕೊಂಡರೆ ಗದರಬಾರದು. ಅದು ಭಯದ ಭಾಷೆ, ಕೆಲವು ವಾರಗಳಲ್ಲಿ ತಾನಾಗಿ ಸರಿಯಾಗುತ್ತದೆ. ಮನೆಯ ಇತರ ಮಕ್ಕಳಿಗೂ ಒಂದೆರಡು ಮಾತಿನಲ್ಲಿ ವಿಷಯ ತಿಳಿಸಬೇಕು.

ಬಂಧುಗಳ ಪ್ರಶ್ನೆಗಳಿಗೆ ಉತ್ತರಿಸಲು ಮನೆಯಲ್ಲಿ ಒಬ್ಬರನ್ನು ನಿಯಮಿಸಿದರೆ ತಾಯಿಯ ಭಾರ ಕಡಿಮೆಯಾಗುತ್ತದೆ. ಮಗುವಿನ ಕಾಯಿಲೆಯ ಹೊಣೆಯನ್ನು ಸೊಸೆಯ ಮೇಲೆ, ಅವಳ ತವರಿನ ಮೇಲೆ, ಅವಳು ಉಣಿಸಿದ ಊಟದ ಮೇಲೆ ಹೊರಿಸುವ ಮಾತು ಮನೆಯಲ್ಲಿ ಸುಳಿಯಬಾರದು. ವರದಿಯ ಚಿತ್ರವನ್ನು ಹತ್ತು ಮೊಬೈಲುಗಳಿಗೆ ಕಳುಹಿಸಿ ಹತ್ತು ಅರ್ಥ ಪಡೆಯುವುದಕ್ಕಿಂತ, ಮಗುವನ್ನು ಮುಟ್ಟಿ ನೋಡಿದ ವೈದ್ಯರಿಂದ ಒಂದೇ ಅರ್ಥ ಪಡೆಯುವುದು ಮೇಲು. ಪೂಜೆ-ಪ್ರಾರ್ಥನೆಗಳು ಮನಸ್ಸಿಗೆ ಆಸರೆ. ಹರಕೆಯ ಅವಧಿ ಮುಗಿಯಲೆಂದು ಪರೀಕ್ಷೆಯನ್ನು ಅಥವಾ ಚಿಕಿತ್ಸೆಯನ್ನು ಮುಂದೂಡುವುದು ಮಾತ್ರ ಸಲ್ಲದು.

ಕಾಯುವ ದಿನಗಳಲ್ಲಿಯೂ ಕೆಲವು ಲಕ್ಷಣಗಳು ಕಂಡರೆ ಫಲಿತಾಂಶಕ್ಕಾಗಿ ಕಾಯದೆ ಆಸ್ಪತ್ರೆಗೆ ಧಾವಿಸಬೇಕು: ಉಸಿರಾಟಕ್ಕೆ ತೊಂದರೆ, ಅಂಗಾತ ಮಲಗಿದರೆ ಉಸಿರು ಕಟ್ಟುವುದು, ಮುಖ-ಕೊರಳು ಊದಿಕೊಳ್ಳುವುದು, ನುಂಗಲಾಗದಿರುವುದು, ಮೈಮೇಲೆ ಕೆಂಪು ಚುಕ್ಕೆಗಳು ಅಥವಾ ನಿಲ್ಲದ ರಕ್ತಸ್ರಾವ.

ಫಲಿತಾಂಶ ಬಂದ ಮೇಲೆ

ವರದಿ ಕೇಳಲು ತಂದೆ-ತಾಯಿ ಇಬ್ಬರೂ, ಇಲ್ಲವೆ ತಾಯಿಯೊಡನೆ ಮತ್ತೊಬ್ಬ ಹಿರಿಯರು ಹೋಗುವುದು ಒಳಿತು. ಮೊದಲ ವಾಕ್ಯ ಕಿವಿಗೆ ಬಿದ್ದ ಮೇಲೆ ಉಳಿದುದು ಒಬ್ಬರಿಗೆ ಕೇಳಿಸದೇ ಹೋಗಬಹುದು. ಆ ಹೊತ್ತಿನಲ್ಲಿ ಮಗುವನ್ನು ಹೊರಗೆ ಯಾರಾದರೂ ಆಡಿಸುತ್ತಿರಲಿ. ರೋಗದ ಹೆಸರೇನು, ಇನ್ನೇನಾದರೂ ಪರೀಕ್ಷೆ ಬೇಕೇ, ಚಿಕಿತ್ಸೆ ಎಷ್ಟು ಕಾಲ, ಯಾವ ಲಕ್ಷಣಕ್ಕೆ ಕೂಡಲೇ ಬರಬೇಕು, ಮುಂದಿನ ಭೇಟಿ ಎಂದು, ಈ ಐದನ್ನು ಕೇಳಿ ಬರೆದುಕೊಳ್ಳಬೇಕು.

ಬಹಳಷ್ಟು ಮಕ್ಕಳಲ್ಲಿ ಅದು ಸೋಂಕಿನಿಂದ ಊದಿದ ಸಾಮಾನ್ಯ ಗ್ರಂಥಿ ಎಂದೇ ಬರುತ್ತದೆ. ಆಗಲೂ ವೈದ್ಯರು ಹೇಳಿದ ದಿನ ಒಮ್ಮೆ ಮರಳಿ ತೋರಿಸಬೇಕು.

ಕ್ಷಯವೆಂದು ಬಂದರೆ ಅದು ಗುಣವಾಗುವ ರೋಗ. ಸಾಮಾನ್ಯವಾಗಿ ಆರು ತಿಂಗಳು, ತೂಕಕ್ಕೆ ತಕ್ಕಂತೆ, ಪ್ರತಿದಿನ ಔಷಧ ಕೊಡಬೇಕು. ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಪರೀಕ್ಷೆ-ಔಷಧಗಳು ಉಚಿತ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆಯ ಕಾಲದಲ್ಲಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಗಳನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಲಾಗಿದೆ. ಮಾಹಿತಿಗೆ 1800-11-6666 ಎಂಬ ಉಚಿತ ದೂರವಾಣಿ ಇದೆ. ಗಂಟಿನಲ್ಲಷ್ಟೇ ಇರುವ ಕ್ಷಯ ಸಾಮಾನ್ಯವಾಗಿ ಮಗುವಿನಿಂದ ಇತರರಿಗೆ ಹರಡುವುದಿಲ್ಲ. ಆದುದರಿಂದ ಬಟ್ಟಲು-ತಟ್ಟೆ ಬೇರೆ ಮಾಡಿ ಮಗುವನ್ನು ದೂರವಿಡುವುದು ಅನ್ಯಾಯ. ಮಗುವಿಗೆ ಅದು ಬಂದಿರುವುದು ಕೆಮ್ಮುವ ಯಾರೋ ದೊಡ್ಡವರಿಂದ. ಮನೆಯವರೆಲ್ಲರೂ ತಪಾಸಣೆ ಮಾಡಿಸಿಕೊಳ್ಳಬೇಕು. ಚಿಕಿತ್ಸೆಯ ನಡುವೆ ಗಂಟು ಕೆಲಕಾಲ ದೊಡ್ಡದಾಗಬಹುದು; ಔಷಧ ನಾಟಲಿಲ್ಲವೆಂದು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಬೇಕು.

ಕೆಲವೇ ಮಕ್ಕಳಲ್ಲಿ ಲಿಂಫೋಮಾ ಎಂದು ತಿಳಿಯುತ್ತದೆ. ಆ ಹೆಸರು ಕೇಳಿ ಕೈಚೆಲ್ಲಬಾರದು. ಮಕ್ಕಳಲ್ಲಿ ಬರುವ ಲಿಂಫೋಮಾಗಳು, ಅದರಲ್ಲೂ ಹಾಡ್ಜ್‌ಕಿನ್ ಬಗೆಯದು, ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ ಬಹುಮಟ್ಟಿಗೆ ಗುಣವಾಗುವಂತಹವು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಂತಹ ಸರ್ಕಾರಿ ಕೇಂದ್ರಗಳಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆಯಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವನ್ನು ಆಸ್ಪತ್ರೆಯಲ್ಲಿಯೇ ವಿಚಾರಿಸಬೇಕು. ಮೊದಲ ಕೆಲವು ವಾರಗಳಲ್ಲಿ ಗಂಟು ಕರಗಿತೆಂದು ಚಿಕಿತ್ಸೆಯನ್ನು ನಡುವೆ ಬಿಡುವುದೇ ಇಲ್ಲಿ ದೊಡ್ಡ ಅಪಾಯ.

ಫಲಿತಾಂಶ ಯಾವುದೇ ಬರಲಿ, ಮಗುವಿಗೂ ಅದನ್ನು ಅದರ ವಯಸ್ಸಿಗೆ ತಕ್ಕ ಮಾತಿನಲ್ಲಿ ಹೇಳಬೇಕು. "ನಿನ್ನ ಗಂಟು ಯಾಕೆ ಬಂತು ಅಂತ ಡಾಕ್ಟರಿಗೆ ಗೊತ್ತಾಯಿತು. ಈ ಔಷಧ ದಿನಾಲೂ ತೆಗೆದುಕೊಂಡರೆ ಅದು ಕಡಿಮೆಯಾಗುತ್ತದೆ. ದಿನಾ ನಾನೇ ಕೊಡುತ್ತೇನೆ" ಎಂದರೆ ನಾಲ್ಕು ವರ್ಷದ ಮಗುವಿಗೆ ಅಷ್ಟು ಸಾಕು. ರೋಗವನ್ನು ಗೊತ್ತುಪಡಿಸುವುದು, ಔಷಧವನ್ನು ನಿಶ್ಚಯಿಸುವುದು ವೈದ್ಯರ ಕಾಯಕ. ಮಗು ನಮ್ಮ ಮಾತನ್ನು ನಂಬುವಂತೆ ನಡೆದುಕೊಳ್ಳುವುದು ಹೆತ್ತವರ ಮತ್ತು ಮನೆಯ ಹಿರಿಯರ ಕಾಯಕ. ಅದನ್ನು ಬೇರೆ ಯಾರೂ ನಮ್ಮ ಪರವಾಗಿ ಮಾಡಲಾರರು.